ಅಲೆಗೆ ದಾರಿ ಕೊಡದ ಮಣ್ಣು

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಗೆಳೆಯರು ಕೇಳಿದಾಗ, ವಯನಾಡಿನ ಕನ್ನಡಿಗರ ಇತಿಹಾಸವನ್ನೋ ಇಲ್ಲಿಯ ಬಸದಿಗಳ ಶಾಸನಗಳನ್ನೋ ಕುರಿತು ನಾನು ಬರೆಯುತ್ತೇನೆಂದು ಅವರು ಭಾವಿಸಿದ್ದಿರಬೇಕು. ಅಂಥ ಲೇಖನಗಳನ್ನು ಹಿಂದೆ ಬರೆದಿದ್ದೇನೆ. ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ಈ ಸಲ ನಾನು ಆಯ್ದುಕೊಂಡಿರುವ ವಿಷಯ ಒಬ್ಬ ಬಿ.ಎ., ಬಿ.ಎಡ್. ಮೇಷ್ಟರಿಗೆ ಹೇಳಿಸಿದ್ದಲ್ಲ. ವಿದ್ಯುತ್ಕಾಂತೀಯ ಅಲೆಗಳು ವಾಹಕಗಳ ಒಳಗೂ ಹರಳುಗಳ ಒಳಗೂ ಹೇಗೆ ನಡೆದುಕೊಳ್ಳುತ್ತವೆ ಎಂಬುದು ಆ ವಿಷಯ. ಇತಿಹಾಸವನ್ನೂ ಕನ್ನಡವನ್ನೂ ಓದಿದವನಿಗೆ ಇದೆಲ್ಲಿಯ ಉಸಾಬರಿ ಎಂದು ವಾಚಕರು ಕೇಳಿದರೆ, ಉಸಾಬರಿ ನನ್ನನ್ನು ಹುಡುಕಿಕೊಂಡು ಬಂದಿತು ಎನ್ನುವುದಷ್ಟೇ ನನ್ನ ಉತ್ತರ. ಅದು ಬಂದ ಬಗೆಯನ್ನು ಮುಂದೆ ಹೇಳುತ್ತೇನೆ.

ಹೆಗ್ಗಡದೇವನಕೋಟೆ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದವನು ನಾನು. ಹುಟ್ಟಿದ್ದು ಮಾತ್ರ ವಯನಾಡಿನಲ್ಲಿ. ನಿವೃತ್ತನಾದ ಮೇಲೆ ಮರಳಿ ಬಂದು ನೆಲೆಸಿರುವುದೂ ಬತ್ತೇರಿಯ ಸಮೀಪದ ಹಿರಿಯರ ಮನೆಯಲ್ಲಿಯೇ, ನಾಲ್ಕು ಸಾಲು ಕಾಫಿ, ಮೆಣಸಿನ ಬಳ್ಳಿಗಳ ನಡುವೆ. ಗ್ರಾಮಾಂತರ ಶಾಲೆಗಳಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿಯಿದ್ದಾಗ ಯಾರಿಗೆ ಬಿಡುವಿದೆಯೋ ಅವರು ಆ ಪಾಠವನ್ನು ಮಾಡಬೇಕು. ಹೀಗೆ ಎಂಟನೆಯ ತರಗತಿಯವರಿಗೆ ಹಲವು ವರ್ಷ ಬೆಳಕು, ಶಬ್ದ, ಕಾಂತಗಳನ್ನು ನಾನು ಕಲಿಸಿದೆ. ಪುಸ್ತಕದಲ್ಲಿರುವುದನ್ನು ನಾನು ಹಿಂದಿನ ರಾತ್ರಿ ಕಲಿತು ಮಾರನೆಯ ದಿನ ಹೇಳುತ್ತಿದ್ದೆ. ಆ ಕ್ರಮದಲ್ಲಿ ಒಂದು ಅನುಕೂಲವೂ ಉಂಟು: ಮಕ್ಕಳಿಗೆ ಎಲ್ಲಿ ತಡವರಿಸುತ್ತದೆಂಬುದು ತಾನೂ ಅಲ್ಲಿಯೇ ತಡವರಿಸಿದವನಿಗೆ ಬೇಗ ತಿಳಿಯುತ್ತದೆ.

ಆ ಕಾಲದ ಒಂದು ಪ್ರಯೋಗ ನನಗೆ ಬಹಳ ಪ್ರಿಯವಾಗಿತ್ತು. ಮೇಜಿನ ಮೇಲೆ ಟ್ರಾನ್ಸಿಸ್ಟರ್ ರೇಡಿಯೊ ಇಟ್ಟು ಬೆಂಗಳೂರು ಆಕಾಶವಾಣಿಯನ್ನು ಹಚ್ಚುವುದು. 612 ಕಿಲೊಹರ್ಟ್ಸಿನ ಆ ನಿಲಯ ಗುಂಡ್ಲುಪೇಟೆಯಲ್ಲಿಯೂ ಕೇಳುತ್ತಿತ್ತು, ಇಲ್ಲಿ ನಮ್ಮ ತಂದೆಯವರ ಕಾಲದಲ್ಲಿ ಅಡಿಕೆಮರಗಳ ನಡುವೆ ತಾಮ್ರದ ತಂತಿ ಎಳೆದ ಮೇಲೆ ನಮ್ಮ ಮನೆಯಲ್ಲಿಯೂ ಕೇಳುತ್ತಿತ್ತು. ಹಾಡುತ್ತಿರುವ ರೇಡಿಯೊವನ್ನು ಮೊದಲು ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ; ಹಾಡು ನಿಲ್ಲುತ್ತಿರಲಿಲ್ಲ. ಮಡಕೆಯಲ್ಲಿ ಇಟ್ಟರೂ ನಿಲ್ಲದು, ಗಾಜಿನ ಭರಣಿಯಲ್ಲಿಯೂ ನಿಲ್ಲದು. ಕೊನೆಗೆ ಶಾಲೆಯ ಅಡುಗೆಮನೆಯ ದಪ್ಪ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಟ್ಟು ಮುಚ್ಚಳ ಬಿಗಿಯಾಗಿ ಒತ್ತಿದರೆ ಹಾಡು ಕುತ್ತಿಗೆ ಹಿಸುಕಿದಂತೆ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದೊಡನೆ ಅದೇ ಹಾಡು ಮುಂದಿನ ಚರಣದಲ್ಲಿ ಇರುತ್ತಿತ್ತು. ಮಕ್ಕಳು ಕೈತಟ್ಟುತ್ತಿದ್ದರು. ಏಕೆ ಎಂದು ಕೇಳಿದರೆ ‘ಲೋಹ ಅಲೆಯನ್ನು ತಡೆಯುತ್ತದೆ’ ಎಂದು ಪುಸ್ತಕದ ವಾಕ್ಯವನ್ನು ಹೇಳುತ್ತಿದ್ದೆ. ಗೋಡೆ ಚೆಂಡನ್ನು ತಡೆಯುವಂತೆ ಲೋಹ ಅಲೆಯನ್ನು ತಡೆಯುತ್ತದೆಂದು ಮಕ್ಕಳು ತಿಳಿಯುತ್ತಿದ್ದರು. ಅದು ಹಾಗಲ್ಲವೆಂದು ಸರಿಯಾಗಿ ನನಗೆ ಬಿಡಿಸಿ ಹೇಳಿದವಳು ಕೋಳಿಕ್ಕೋಡಿನಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಓದುತ್ತಿರುವ ನನ್ನ ಮೊಮ್ಮಗಳು.

‘ಅಜ್ಜಾ, ಲೋಹ ಗೋಡೆಯಲ್ಲ, ಅಲ್ಲಿ ಜನಜಂಗುಳಿ ಉಂಟು’ ಎಂದು ಅವಳು ತೊಡಗಿದಳು. ಅವಳ ಕನ್ನಡದಲ್ಲಿ ಅರ್ಧ ಮಲಯಾಳವಿರುತ್ತದೆ. ಅದನ್ನು ತಿದ್ದುವ ಚಪಲವನ್ನು ಬಹುಕಾಲದ ಹಿಂದೆಯೇ ಬಿಟ್ಟಿದ್ದೇನೆ. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಬೆಳಕು, ರೇಡಿಯೊ, ಕ್ಷ-ಕಿರಣ ಎಲ್ಲವೂ ಒಂದೇ ಜಾತಿಯ ಅಲೆಗಳು. ವಿದ್ಯುತ್ತಿನ ಎಳೆತ ಹಾಗೂ ಕಾಂತದ ಎಳೆತ ಒಂದನ್ನೊಂದು ಹುಟ್ಟಿಸುತ್ತ ಸಾಗುವ ಏರಿಳಿತ. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಲೆಕ್ಕದಿಂದಲೇ ಇದನ್ನು ಕಂಡುಕೊಂಡರು. ಅಂಥ ಅಲೆ ಒಂದು ವಸ್ತುವನ್ನು ಹೊಕ್ಕಾಗ ಅಲ್ಲಿರುವ ಎಲೆಕ್ಟ್ರಾನುಗಳನ್ನು ಅಲುಗಾಡಿಸುತ್ತದೆ. ಅಲುಗಾಡಿದ ಎಲೆಕ್ಟ್ರಾನುಗಳು ತಾವೂ ಅಲೆಗಳನ್ನು ಎಬ್ಬಿಸುತ್ತವೆ. ಮುಂದಿನದೆಲ್ಲ ನಿಂತಿರುವುದು ಆ ಎಲೆಕ್ಟ್ರಾನುಗಳನ್ನು ಕಟ್ಟಿಹಾಕಿದೆಯೇ, ಬಿಟ್ಟಿದೆಯೇ ಎಂಬುದರ ಮೇಲೆ.

ದನಕರುಗಳ ನಡುವೆ ಬೆಳೆದವನಿಗೆ ಇದು ಕೂಡಲೇ ಅರ್ಥವಾಯಿತು. ಬೆಣಚುಕಲ್ಲಿನಲ್ಲಿ, ಗಾಜಿನಲ್ಲಿ, ವಜ್ರದಲ್ಲಿ ಎಲೆಕ್ಟ್ರಾನುಗಳು ಗೂಟಕ್ಕೆ ಕಟ್ಟಿದ ದನಗಳು. ಅಲೆ ಬಂದಾಗ ಹಗ್ಗದ ಅಳತೆಯೊಳಗೆ ಅವು ಆಚೀಚೆ ಓಲಾಡುತ್ತವೆ, ಆದರೆ ಊರು ಬಿಟ್ಟು ಹೋಗವು. ಅವು ಎಬ್ಬಿಸುವ ಮರು-ಅಲೆ ಮೂಲ ಅಲೆಯೊಡನೆ ಬೆರೆತು ಅದನ್ನು ನಿಧಾನಗೊಳಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಆದ್ದರಿಂದ ಬೆಣಚುಕಲ್ಲಿನೊಳಗೆ ಬೆಳಕಿನ ವೇಗ ಹೊರಗಿನದರ ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿದರೂ ಬೆಳಕು ಆಚೆ ಕಡೆ ಹೊರಬರುತ್ತದೆ. ತಾಮ್ರ, ಬೆಳ್ಳಿ, ಅಲ್ಯೂಮಿನಿಯಂಗಳಲ್ಲಿ ಪ್ರತಿ ಪರಮಾಣುವೂ ಒಂದೆರಡು ದನಗಳನ್ನಾದರೂ ಹಗ್ಗ ಬಿಚ್ಚಿ ಬಿಟ್ಟಿರುತ್ತದೆ. ಅಲೆಯ ಎಳೆತ ತಾಗಿದೊಡನೆ ಅವು ಹಿಂಡುಹಿಂಡಾಗಿ ಓಡುತ್ತವೆ. ಆ ಓಟವೇ ವಿದ್ಯುತ್ ಪ್ರವಾಹ. ಆ ಪ್ರವಾಹ ಎಬ್ಬಿಸುವ ಅಲೆ, ಒಳಗೆ ಬಂದ ಅಲೆಗೆ ಸರಿಯಾಗಿ ವಿರುದ್ಧವಾಗಿದ್ದು ಅದನ್ನು ಒಳಭಾಗದಲ್ಲಿ ಅಳಿಸುತ್ತದೆ, ಹೊರಭಾಗದಲ್ಲಿ ಹಿಂದಕ್ಕೆ ಕಳುಹಿಸುತ್ತದೆ. ಹಿಂದಕ್ಕೆ ಹೋದದ್ದನ್ನೇ ನಾವು ಲೋಹದ ಹೊಳಪು ಎನ್ನುವುದು. ಓಡುವ ಎಲೆಕ್ಟ್ರಾನುಗಳು ನಡುನಡುವೆ ಎಡವುವುದರಿಂದ ಅಲೆಯ ಒಂದಿಷ್ಟು ಶಕ್ತಿ ಬಿಸಿಯಾಗಿ ಅಲ್ಲಿಯೇ ಉಳಿಯುತ್ತದೆ.

ಹಾಗಾದರೆ ಅಲೆ ಲೋಹದೊಳಗೆ ಒಂದಿಷ್ಟಾದರೂ ಹೋಗುತ್ತದಲ್ಲ, ಎಷ್ಟು ದೂರ? ಇದಕ್ಕೆ ಅವಳ ಪುಸ್ತಕದಲ್ಲಿ ಒಂದು ಸೂತ್ರವೇ ಇದೆ. ಆ ಆಳವನ್ನು ಚರ್ಮದ ಆಳ ಎಂದು ಕರೆಯುತ್ತಾರಂತೆ. ಅಷ್ಟು ಆಳ ಹೋಗುವಷ್ಟರಲ್ಲಿ ಅಲೆಯ ಎತ್ತರ ಸುಮಾರು ಮೂರರಲ್ಲಿ ಒಂದಕ್ಕೆ ಕುಗ್ಗುತ್ತದೆ, ಮತ್ತಷ್ಟು ಹೋದರೆ ಅದರ ಮೂರರಲ್ಲಿ ಒಂದು, ಹೀಗೆ. ಅಲೆಯ ಆವೃತ್ತಿ ನಾಲ್ಕು ಪಟ್ಟಾದರೆ ಆಳ ಅರ್ಧವಾಗುತ್ತದೆ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅವಳು ಲೆಕ್ಕ ಹಾಕಿ ತೋರಿಸಿದಳು. ನಮ್ಮ ಮನೆಯ 50 ಹರ್ಟ್ಸಿನ ವಿದ್ಯುತ್ತಿಗೆ ತಾಮ್ರದಲ್ಲಿ ಈ ಆಳ ಸುಮಾರು 9 ಮಿಲಿಮೀಟರು. ಬೆಂಗಳೂರು ಆಕಾಶವಾಣಿಯ ಅಲೆಗೆ ಅಲ್ಯೂಮಿನಿಯಂನಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ನನ್ನ ಶಾಲೆಯ ಪಾತ್ರೆ ಒಂದೂವರೆ ಮಿಲಿಮೀಟರು ದಪ್ಪವಿತ್ತೆಂದು ಹಿಡಿದರೆ, ಹಾಡು ಮೂರರಲ್ಲಿ ಒಂದಾಗುವ ಕ್ರಿಯೆ ಹದಿನೈದು ಸಲ ನಡೆಯಬೇಕು. ಉಳಿಯುವುದೇನು? ಬೆಳಕಿಗಂತೂ ಬೆಳ್ಳಿಯಲ್ಲಿ ಸಿಗುವ ಆಳ ಮಿಲಿಮೀಟರಿನ ಲಕ್ಷದಲ್ಲಿ ಒಂದೆರಡು ಪಾಲು ಮಾತ್ರ. (ಸ್ಟೀಲ್ ಡಬ್ಬದಲ್ಲಿಟ್ಟ ಮೊಬೈಲು ಕೆಲವೊಮ್ಮೆ ರಿಂಗಾಗುವುದೇಕೆ ಎಂದು ಕೇಳುವವರಿಗೆ: ಮೊಬೈಲಿನ ಅಲೆ ಒಂದು ಗೇಣು, ಒಂದೂವರೆ ಗೇಣು ಉದ್ದದ್ದು; ಲೋಹವನ್ನು ಸೀಳಿಯಲ್ಲ, ಮುಚ್ಚಳದ ಸಂದಿಯಲ್ಲಿ ನುಸುಳಿ ಬರುತ್ತದೆ.)

ವೆಳ್ಳರಿಮಲೆಯ ಇಳಿಜಾರಿನಲ್ಲಿ ಕೊಟ್ಟಮುಂಡ ಎಂಬಲ್ಲಿ ಪಾರ್ಶ್ವನಾಥ ಸ್ವಾಮಿಯ ಕನ್ನಡಿ ಬಸದಿ ಇದೆ. ನಮ್ಮ ಜಿಲ್ಲೆಯ ಜೈನ ಬಂಧುಗಳಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಳಗಿನ ಗೋಡೆಗಳ ಕನ್ನಡಿಗಳಲ್ಲಿ ಮೂರ್ತಿಯ ಬಿಂಬ, ಬಿಂಬದ ಬಿಂಬ, ಅದರ ಬಿಂಬ ಎಂದು ಕಣ್ಣು ಹಾಯುವವರೆಗೆ ಸಾಲು. ಗಾಜಿನ ಬೆನ್ನಿಗೆ ಬಳಿದ ಲೋಹದ ಲೇಪ ಕೂದಲೆಳೆಗಿಂತ ಎಷ್ಟೋ ತೆಳುವಾದುದು. ಅಷ್ಟು ತೆಳುವಿನಲ್ಲಿಯೇ ಬೆಳಕಿನ ಪ್ರಯಾಣ ಮುಗಿದು, ಬಂದ ದಾರಿಯಲ್ಲಿಯೇ ಮರಳಬೇಕಾಗುತ್ತದೆ. ಸ್ಫಟಿಕದಂಥ ಗಾಜು ದಾರಿ ಕೊಡುತ್ತದೆ, ಹಿಂದಿನ ಲೋಹ ದಾರಿ ಮುಚ್ಚುತ್ತದೆ. ಎರಡೂ ಸೇರದೆ ಕನ್ನಡಿಯಿಲ್ಲ.

ಈ ಎರಡೂ ಬಗೆಯವು ನೆಲದಡಿಯಲ್ಲಿ ಒಟ್ಟಿಗೇ ಇದ್ದ ಕಾರಣಕ್ಕೆ ವಯನಾಡು ಒಮ್ಮೆ ಲಂಡನ್ನಿನ ಷೇರುಪೇಟೆಯಲ್ಲಿ ಹೆಸರಾಗಿತ್ತು ಎಂಬುದನ್ನು ಇತಿಹಾಸದ ವಿದ್ಯಾರ್ಥಿಯಾಗಿ ಹೇಳದಿರಲಾರೆ. ದೇವಾಲ, ಪಂದಲೂರುಗಳ ಬೆಣಚುಕಲ್ಲಿನ ನಾಳಗಳಲ್ಲಿ ಚಿನ್ನವಿದೆಯೆಂದು ಬ್ರೊ ಸ್ಮಿತ್ ಎಂಬ ತಜ್ಞರು 1880ರಲ್ಲಿ ವರದಿ ಕೊಟ್ಟರು. ಆ ಸೀಮೆ ಇಂದು ನೀಲಗಿರಿ ಜಿಲ್ಲೆಯಲ್ಲಿದೆ. ಆಗಿನವರಿಗೆ ಅದು ಆಗ್ನೇಯ ವಯನಾಡು. ಹತ್ತಾರು ಕಂಪನಿಗಳು ಹುಟ್ಟಿದವು, ಯಂತ್ರಗಳು ಘಟ್ಟ ಹತ್ತಿದವು, ಕೆಲವೇ ವರ್ಷಗಳಲ್ಲಿ ಎಲ್ಲವೂ ಮುಳುಗಿತು. ಅರೆದ ಕಲ್ಲಿನಲ್ಲಿ ಹಾಕಿದ ಹಣಕ್ಕೆ ತಕ್ಕ ಚಿನ್ನವಿರಲಿಲ್ಲ. ಬಂಗಾರದ ರೇಕು ಬಹು ತೆಳುವಾದಾಗ ಅದರ ಮೂಲಕ ಹಸುರು ಬೆಳಕು ತೋರುತ್ತದೆ. ಮ್ಯಾಕ್ಸ್‌ವೆಲ್ ಕೂಡ ಅದನ್ನು ಪರೀಕ್ಷಿಸಿ, ತಮ್ಮ ಸಿದ್ಧಾಂತ ಹೇಳುವುದಕ್ಕಿಂತ ಹೆಚ್ಚು ಬೆಳಕು ದಾಟುತ್ತಿದೆಯಲ್ಲ ಎಂದು ತಮ್ಮ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಕಂಪನಿಗಳ ವರದಿಗಳಲ್ಲಿ ಅಂಥ ಪ್ರಾಮಾಣಿಕತೆ ಇದ್ದಿದ್ದರೆ ಎಷ್ಟೋ ಜನರ ಹಣ ಉಳಿಯುತ್ತಿತ್ತು.

ಇನ್ನು 2024ರ ಜುಲೈ ತಿಂಗಳಿಗೆ ಬರುತ್ತೇನೆ.

ಆ ತಿಂಗಳ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೂ ಪಕ್ಕದ ಗಂಗಾವಳಿ ನದಿಗೂ ಬಿದ್ದಿತು. ಕಾಣೆಯಾದವರಲ್ಲಿ ಕೋಳಿಕ್ಕೋಡಿನ ಲಾರಿ ಚಾಲಕನೊಬ್ಬನಿದ್ದ. ಎರಡು ವಾರ ನಮ್ಮ ಮನೆಯ ಟಿ.ವಿ.ಯಲ್ಲಿ ಬೇರೆ ಸುದ್ದಿಯಿಲ್ಲ. ಮಲಯಾಳದ ವಾಹಿನಿಗಳು ‘ರಡಾರ್’ ಎಂಬ ಶಬ್ದವನ್ನು ಗಂಟೆಗೆ ಹತ್ತು ಸಲ ಹೇಳಿದವು. ಸುರತ್ಕಲ್ಲಿನ ಎನ್‌ಐಟಿಯಿಂದ ರಡಾರ್ ಬಂತು. ಸೇನೆಯ ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್ ಅವರ ತಂಡ ಡ್ರೋನಿಗೆ ಕಟ್ಟಿದ ಉಪಕರಣಗಳಿಂದ ಹುಡುಕಿತು. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಗೋವೆಯಿಂದ ಹೂಳೆತ್ತುವ ಯಂತ್ರ ತಂದ ಮೇಲೆ, ನದಿಯ ತಳದಿಂದ. ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಹಿಂದಿನದು. ಶಿರೂರಿನ ಹುಡುಕಾಟ ನಡೆಯುತ್ತಿರುವಾಗಲೇ, ಜುಲೈ 30ರ ನಸುಕಿಗೆ ಮುಂಚೆ, ನಮ್ಮ ಜಿಲ್ಲೆಯ ಪುಂಚಿರಿಮಟ್ಟ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟವೇ ಹರಿದು ಬಂತು. ಅದಕ್ಕೆ ಮುಂಚಿನ 48 ಗಂಟೆಗಳಲ್ಲಿ 572 ಮಿಲಿಮೀಟರು ಮಳೆ ಸುರಿದಿತ್ತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಅನೇಕ ದೇಹಗಳು ಚಾಲಿಯಾರಿನಲ್ಲಿ ತೇಲಿ ನಿಲಂಬೂರಿನ ಕಡೆಗೆ ತಲುಪಿದವು. ಎಸ್ಟೇಟುಗಳಲ್ಲಿ ದುಡಿಯಲು ಬಂದಿದ್ದ ಕರ್ನಾಟಕದವರೂ ಸತ್ತವರಲ್ಲಿದ್ದರು.

ಮರುದಿನ ಬೆಳಿಗ್ಗೆ ನನ್ನ ಗುಂಡ್ಲುಪೇಟೆಯ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಿಗೆ ಬಂದು ನಿಂತ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಷಿದ್ಧವಾದ್ದರಿಂದ ಮದ್ದೂರು ಚೆಕ್‌ಪೋಸ್ಟಿನಲ್ಲಿ ಬೆಳಗಿನ ಆರರವರೆಗೆ ಕಾದು ಬಂದಿದ್ದ. ಅವನ ತಮ್ಮ ಮುಂಡಕ್ಕೈಯ ತೋಟದಲ್ಲಿ ಕೂಲಿಗಿದ್ದ. ಅಣ್ಣನಿಗೆ ಮಲಯಾಳ ಬಾರದು. ಆ ದಿನದಿಂದ ಒಂಬತ್ತು ದಿನ ಮೇಪ್ಪಾಡಿಯ ಶಿಬಿರದಲ್ಲಿ, ಆಸ್ಪತ್ರೆಯ ಅಂಗಳದಲ್ಲಿ, ಪಟ್ಟಿ ಅಂಟಿಸಿದ ಗೋಡೆಗಳ ಮುಂದೆ ನಾನು ಅವನ ಬಾಯಾದೆ. ಅವನೊಬ್ಬನ ಬಾಯಿ ಮಾತ್ರವಲ್ಲ. ಚಾಮರಾಜನಗರದ ಕಡೆಯ ಇನ್ನೂ ನಾಲ್ಕು ಕುಟುಂಬಗಳಿದ್ದವು. ಎಪ್ಪತ್ತು ದಾಟಿದವನಿಗೆ ಇಂಥ ಕಡೆ ಮಾಡಲು ಬೇರೇನು ಕೆಲಸವಿದೆ? ಮೂರು ಭಾಷೆ ಬರುತ್ತದೆ, ಅರ್ಜಿ ಬರೆಯಲು ಬರುತ್ತದೆ.

ಮುಂಡಕ್ಕೈಗೂ ಹೊರಗಿನ ಲೋಕಕ್ಕೂ ನಡುವಿನ ಸೇತುವೆ ಕೊಚ್ಚಿಹೋಗಿತ್ತು. ಸೇನೆಯವರು ಕಬ್ಬಿಣದ ಬೇಲಿ ಸೇತುವೆಯನ್ನು ಆಗಸ್ಟ್ 1ರಂದು ಮುಗಿಸಿದರು. ಮಾತಿಗೂ ಸೇತುವೆ ಬೇಕಾಗಿತ್ತು. ಕಲ್ಪೆಟ್ಟದ ಕಲೆಕ್ಟರೇಟಿನಲ್ಲಿ ಹವ್ಯಾಸಿ ರೇಡಿಯೊದವರು ಕೇಂದ್ರ ತೆರೆದರು. ಅಂಬಲವಯಲಿನ ಪೊನ್ಮುಡಿಕೋಟೆಯ ಮೇಲಿನ ಅವರ ಮರುಪ್ರಸಾರ ಯಂತ್ರ ಕಣಿವೆಯ ಮಾತುಗಳನ್ನು ಹಿಡಿದು ದಾಟಿಸಿತು. ಗಾಳಿಯಲ್ಲಿ ಅಲೆ ಅಷ್ಟು ಸಲೀಸಾಗಿ ಸಾಗುತ್ತಿತ್ತು. ನೆಲದ ವಿಷಯ ಬೇರೆಯಾಗಿತ್ತು.

ಆಗಸ್ಟ್ 2ರಂದು ಮುಂಡಕ್ಕೈಯಲ್ಲಿ ಕುಸಿದ ಮನೆಯೊಂದರ ಕೆಳಗೆ ಉಸಿರಾಟದಂಥ ಸಂಕೇತ ರಡಾರಿನಲ್ಲಿ ಕಾಣಿಸಿತು. ಸುದ್ದಿ ಮೇಪ್ಪಾಡಿಗೆ ಬಂದಾಗ ಶಿಬಿರದಲ್ಲಿದ್ದವರೆಲ್ಲ ಎದ್ದು ನಿಂತರು. ಎದ್ದು ನಿಂತದ್ದಕ್ಕೆ ಅರ್ಥವೇನೆಂದು ಯಾರೂ ಯಾರನ್ನೂ ಕೇಳಲಿಲ್ಲ. ನನ್ನ ವಿದ್ಯಾರ್ಥಿ ನನ್ನ ಮೊಣಕೈ ಹಿಡಿದುಕೊಂಡಿದ್ದ. ಕತ್ತಲಾದ ಮೇಲೂ ದೀಪ ಹಚ್ಚಿ ಅಗೆದರು. ಅಲ್ಲಿ ಯಾರೂ ಇರಲಿಲ್ಲ. ಯಾವುದೋ ಪ್ರಾಣಿಯದಿರಬಹುದೆಂದು ಹೇಳಿದರು. ಮುಂದಿನ ದಿನಗಳಲ್ಲಿ ಇನ್ನೂ ರಡಾರುಗಳನ್ನು ವಿಮಾನದಲ್ಲಿ ತರಿಸಿದರು. ಕೇರಳ ಪೊಲೀಸರ ನಾಯಿಗಳು ಮೂಸಿ ತೋರಿಸಿದ ಕಡೆಗಳಲ್ಲಿ ದೇಹಗಳು ಸಿಕ್ಕಿದವು. ಯಂತ್ರಗಳ ಬಗ್ಗೆ ಜನ ಮಾತನಾಡುವುದನ್ನು ನಿಲ್ಲಿಸಿದರು.

ಏಳನೆಯ ದಿನವೋ ಎಂಟನೆಯ ದಿನವೋ, ಕಟ್ಟನ್ ಚಹಾದ ಲೋಟ ಕೈಯಲ್ಲಿ ಹಿಡಿದು ಕುಡಿಯದೆ ಕೂತಿದ್ದವನು ಕೇಳಿದ: ‘ಮೇಷ್ಟ್ರೇ, ಆ ಮಿಷಿನ್ನು ಮಣ್ಣೊಳಗೆ ನೋಡ್ತದೆ ಅಂದ್ರಲ್ಲ. ಕಪ್ಪೆ ಉಸ್ರು ಕಾಣ್ತಂತೆ. ನನ್ ತಮ್ಮ ಯಾಕ್ ಕಾಣ್ನಿಲ್ಲ?’

ಅವನು ನನ್ನ ಎಂಟನೆಯ ತರಗತಿಯಲ್ಲಿ ಕೂತಿದ್ದವನು. ರೇಡಿಯೊವನ್ನು ಪಾತ್ರೆಯಲ್ಲಿಟ್ಟಾಗ ಕೈತಟ್ಟಿದವರಲ್ಲಿ ಅವನೂ ಒಬ್ಬ. ಆ ಕ್ಷಣಕ್ಕೆ ‘ದೇವರ ಇಚ್ಛೆ’ ಎಂದು ಹೇಳಬಹುದಿತ್ತು, ಅವನ ಹೆಗಲ ಮೇಲೆ ಕೈಯಿಟ್ಟು ಸುಮ್ಮನಿರಬಹುದಿತ್ತು. ಆದರೆ ಅವನು ಸಮಾಧಾನ ಕೇಳಿರಲಿಲ್ಲ, ಕಾರಣ ಕೇಳಿದ್ದ. ಯಾರೋ ಸರಿಯಾಗಿ ಹುಡುಕಲಿಲ್ಲ, ಕನ್ನಡದ ಕೂಲಿಯವನೆಂದು ಬಿಟ್ಟರು ಎಂಬ ಶಂಕೆ ಅವನ ಮನಸ್ಸಿನಲ್ಲಿ ಬೇರುಬಿಡತೊಡಗಿತ್ತು. ಶಿರೂರಿನ ದಿನಗಳಲ್ಲಿ ಇದೇ ಶಂಕೆಯನ್ನು ತಿರುಗುಮುರುಗಾಗಿ ಇಲ್ಲಿ ಮಲಯಾಳದಲ್ಲಿ ನಾನು ಕೇಳಿದ್ದೆ. ಹಾಗಾಗಿ ಆ ರಾತ್ರಿ ಮೊಮ್ಮಗಳಿಗೆ ಫೋನ್ ಮಾಡಿದೆ. ಅವಳು ತನ್ನ ಪಠ್ಯದ ಅದೇ ಅಧ್ಯಾಯವನ್ನು ತೆರೆದು, ಈ ಸಲ ತಾಮ್ರ ಬೆಳ್ಳಿಗಳನ್ನು ಬಿಟ್ಟು, ಮಣ್ಣಿನ ಪಾಠ ಹೇಳಿದಳು.

ಒಣ ಮರಳಿನಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳಿಲ್ಲ. ಅದು ಪುಡಿಯಾದ ಬೆಣಚುಕಲ್ಲು, ಅಂದರೆ ಹರಳು. ರಡಾರಿನ ಅಲೆ ಅದರಲ್ಲಿ ಹಲವಾರು ಮೀಟರು ಇಳಿದು, ಬೇರೆ ವಸ್ತು ಸಿಕ್ಕಲ್ಲಿ ಪ್ರತಿಫಲಿಸಿ ಮೇಲೆ ಬರುತ್ತದೆ. ಮಣ್ಣಿಗೆ ನೀರು ಸೇರಿದಾಗ ಎರಡು ಕೇಡು ಒಟ್ಟಿಗೆ ಆಗುತ್ತವೆ. ಮಣ್ಣಿನ ಲವಣಗಳು ನೀರಿನಲ್ಲಿ ಕರಗಿ ವಿದ್ಯುದಂಶವುಳ್ಳ ಕಣಗಳಾಗಿ ಓಡಾಡತೊಡಗುತ್ತವೆ. ಹಗ್ಗ ಬಿಚ್ಚಿದ ದನಗಳೇ, ಆದರೆ ಲೋಹದಲ್ಲಿರುವಷ್ಟು ಚುರುಕಲ್ಲ. ಜೇಡಿಯಾದರೆ ಇನ್ನೂ ಹೆಚ್ಚು, ಏಕೆಂದರೆ ಅದರ ಸಣ್ಣ ಸಣ್ಣ ಪದರಗಳ ಮೈಗೆ ಇಂಥ ಕಣಗಳು ಅಂಟಿಕೊಂಡಿರುತ್ತವೆ. ಎರಡನೆಯದಾಗಿ, ನೀರಿನ ಅಣುವಿಗೇ ಒಂದು ತುದಿಯಲ್ಲಿ ಧನ, ಒಂದು ತುದಿಯಲ್ಲಿ ಋಣ. ಅಲೆ ಬಂದಂತೆಲ್ಲ ಅದು ತಿರುಗಿ ತಿರುಗಿ ಅಲೆಯ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ, ಅಲೆಯನ್ನು ನಿಧಾನಗೊಳಿಸುತ್ತದೆ. ಶುದ್ಧ ನೀರಿನಲ್ಲಿ ರೇಡಿಯೊ ಅಲೆಯ ವೇಗ ಗಾಳಿಯಲ್ಲಿರುವುದರ ಒಂಬತ್ತರಲ್ಲಿ ಒಂದು. ಈ ಕಾರಣಗಳಿಂದ ಒಣ ಮರಳಿನಲ್ಲಿ ಹತ್ತಾರು ಅಡಿ ನೋಡುವ ಅದೇ ಯಂತ್ರ ನೀರು ಕುಡಿದ ಜೇಡಿಯಲ್ಲಿ ಮೂರು ಅಡಿ ನೋಡುವುದೂ ಕಷ್ಟ. ಸಾಲದೆಂಬಂತೆ ಮುಂಡಕ್ಕೈಯ ಮಣ್ಣು ಮಣ್ಣಾಗಿ ಮಾತ್ರ ಇರಲಿಲ್ಲ. ಆನೆಗಾತ್ರದ ಬಂಡೆಗಳು, ಮರದ ಬೊಡ್ಡೆಗಳು, ಮನೆಗಳ ಕಬ್ಬಿಣ, ತಗಡಿನ ಹಾಳೆಗಳು ಕಲಸಿಹೋಗಿದ್ದವು. ಪ್ರತಿಯೊಂದೂ ತನ್ನ ಪಾಲಿನ ಅಲೆಯನ್ನು ಹಿಂದಕ್ಕೆ ಕಳುಹಿಸುತ್ತದೆ. ತಗಡಿನ ಹಾಳೆಯೊಂದು ಅಡ್ಡ ಬಂದರೆ ಅದರ ಕೆಳಗಿನದೆಲ್ಲ ಮುಚ್ಚಳ ಹಾಕಿದ ಪಾತ್ರೆಯೇ. ಮನುಷ್ಯದೇಹವೂ ಬಹುಪಾಲು ಉಪ್ಪುನೀರು; ಒದ್ದೆ ಮಣ್ಣಿನ ನಡುವೆ ಅದನ್ನು ಬೇರ್ಪಡಿಸಿ ತೋರಿಸಲು ಅಲೆಗೆ ಗುರುತು ಸಿಗುವುದಿಲ್ಲ.

ಉಸಿರಾಟವನ್ನು ಗುರುತಿಸುವ ಯಂತ್ರದ ರೀತಿ ಬೇರೆ. ಅದು ಆಕಾರವನ್ನು ನೋಡುವುದಿಲ್ಲ, ಅಲುಗಾಟವನ್ನು ನೋಡುತ್ತದೆ. ಎದೆ ಕೆಲವು ಮಿಲಿಮೀಟರು ಏರಿಳಿದರೆ ಹಿಂದಿರುಗುವ ಅಲೆಯ ಲಯದಲ್ಲಿ ಅಷ್ಟೇ ವ್ಯತ್ಯಾಸ ಕಾಣುತ್ತದೆ. ಎದೆ ಏರಿಳಿಯದವನನ್ನು ಅದು ಕಾಣಲಾರದು. ಇದನ್ನು ಅವನಿಗೆ ಹೇಗೆ ಹೇಳುವುದೆಂದು ಬಹಳ ಹೊತ್ತು ಯೋಚಿಸಿದೆ.

ಸಮುದ್ರದ ಉಪ್ಪುನೀರಿನ ಲೆಕ್ಕವನ್ನೂ ಅವಳು ಕೊಟ್ಟಿದ್ದಳು. ಮೀಡಿಯಂ ವೇವ್ ರೇಡಿಯೊದ ಅಲೆ ಅದರಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ಮೂರರಲ್ಲಿ ಒಂದಾಗುತ್ತದೆ. ಆದುದರಿಂದಲೇ ನೌಕಾಪಡೆಯವರು ಜಲಾಂತರ್ಗಾಮಿಗಳೊಡನೆ ಮಾತನಾಡಲು ತಿರುನೆಲ್ವೇಲಿಯ ಬಳಿ 1990ರಲ್ಲಿ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ನಿಲಯವನ್ನು ಕಟ್ಟಿ, ಹದಿನಾರು ಹದಿನೇಳು ಕಿಲೊಮೀಟರು ಉದ್ದದ ಅಲೆಗಳನ್ನು ಬಳಸುತ್ತಾರೆ. ಅಷ್ಟು ಮಂದ ಅಲೆಯಾದರೆ ಆಳಕ್ಕೆ ಇಳಿಯುತ್ತದೆ. ಆದರೆ ಅಷ್ಟು ಉದ್ದದ ಅಲೆಗೆ ಮನುಷ್ಯನೊಬ್ಬ ಕಾಣುವುದಿಲ್ಲ, ಊರೇ ಕಾಣುವುದಿಲ್ಲ. ಸೂಕ್ಷ್ಮವಾಗಿ ನೋಡಬಲ್ಲ ಅಲೆ ಆಳಕ್ಕೆ ಹೋಗದು. ಆಳಕ್ಕೆ ಹೋಗಬಲ್ಲ ಅಲೆ ಸೂಕ್ಷ್ಮವಾಗಿ ನೋಡದು. ಈ ಕಟ್ಟನ್ನು ಯಾವ ಸರ್ಕಾರವೂ ಮಾಡಿದ್ದಲ್ಲ.

ಮಾರನೆಯ ದಿನ ಅವನಿಗೆ ಹೇಳಿದೆ. ‘ಪಾತ್ರೆಯಲ್ಲಿ ರೇಡಿಯೊ ಇಟ್ಟಿದ್ದು ನೆನಪಿದೆಯೇನಪ್ಪ?’ ಎಂದು ತೊಡಗಿದೆ. ನೆನಪಿತ್ತು. ‘ಒದ್ದೆ ಮಣ್ಣು ಅಂಥದ್ದೇ ಪಾತ್ರೆ. ಪೂರ್ತಿ ಮುಚ್ಚದ ಪಾತ್ರೆ, ಆದರೆ ಬಹಳ ದಪ್ಪದ್ದು. ಯಾರೂ ನಿನ್ನ ತಮ್ಮನನ್ನು ಬಿಟ್ಟು ಬೇರೆಯವರನ್ನು ಹುಡುಕಲಿಲ್ಲ. ಯಂತ್ರಕ್ಕೆ ಕನ್ನಡದವನು, ಮಲಯಾಳದವನು ಎಂಬುದಿಲ್ಲ.’ ಅವನು ಮಣ್ಣನ್ನು ಹಿಡಿಯುವವನಂತೆ ಮುಷ್ಟಿ ಮಾಡಿ ಬಿಚ್ಚಿ ನೋಡಿಕೊಂಡ. ಸ್ವಲ್ಪ ಹೊತ್ತಿನ ಮೇಲೆ, ಉಸಿರಿನ ಯಂತ್ರದ ಬಗ್ಗೆ ತಾನೇ ಕೇಳಿದ. ನಾನು ಹೇಳಬೇಕಾದುದನ್ನು ಅವನೇ ಊಹಿಸಿದ್ದ. ‘ಹಂಗಾರೆ ಮೊದಲ್ನೆ ದಿವ್ಸನೇ’ ಎಂದ. ಹೌದೆಂದೆ. ಅಂದು ಅವನು ಊಟ ಮಾಡಿದ.

ಅದೇ ಮಧ್ಯಾಹ್ನ ಬಂಧುಗಳ ರಕ್ತದ ಮಾದರಿ ತೆಗೆದುಕೊಳ್ಳುವವರು ಬಂದರು. ಡಿಎನ್‌ಎ ಪರೀಕ್ಷೆಗೆ ಒಪ್ಪಿಗೆ ಪತ್ರ ತುಂಬಿಸಿಕೊಟ್ಟೆ. ಅವನಿಗೆ ಆ ಮೂರಕ್ಷರದ ಅರ್ಥ ಹೇಳಬೇಕಾಯಿತು. ಹೇಳುತ್ತಿದ್ದಂತೆ ಹರಳುಗಳ ಕಥೆ ನನ್ನ ಮನಸ್ಸಿನಲ್ಲಿ ಬೇರೊಂದು ದಿಕ್ಕಿನಿಂದ ಬಂದು ಸೇರಿತು.

ಹರಳಿನೊಳಗೆ ಪರಮಾಣುಗಳು ಕಾಫಿಗಿಡಗಳಂತೆ ಸಾಲು ಹಿಡಿದು ನಿಂತಿರುತ್ತವೆ. ಎಲ್ಲ ದಿಕ್ಕಿಗೂ ಸಾಲಿನ ಅಂತರ ಒಂದೇ ಆಗಿರಬೇಕೆಂದಿಲ್ಲ. ಗೂಟದ ಹಗ್ಗ ಒಂದು ದಿಕ್ಕಿಗೆ ಬಿಗಿ, ಇನ್ನೊಂದು ದಿಕ್ಕಿಗೆ ಸಡಿಲ. ಅದರಿಂದ ಕೆಲವು ಹರಳುಗಳಲ್ಲಿ ಬೆಳಕು ಎರಡಾಗಿ ಸೀಳಿ ಎರಡು ವೇಗದಲ್ಲಿ ಸಾಗುತ್ತದೆ. ಅಡಿಯಲ್ಲಿಟ್ಟ ಅಕ್ಷರ ಎರಡೆರಡಾಗಿ ಕಾಣುತ್ತದೆ. ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ತಮ್ಮ ಕೊನೆಗಾಲದವರೆಗೂ ಹರಳುಗಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಅವರ ಸೋದರಳಿಯ ಎಸ್. ಪಂಚರತ್ನಂ ಅದೇ ಸಂಸ್ಥೆಯಲ್ಲಿ, 1950ರ ದಶಕದ ನಡುವೆ, ಇನ್ನೂ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನಲ್ಲಿ ಅಯೊಲೈಟ್ ಎಂಬ ಹರಳನ್ನು ಪರೀಕ್ಷಿಸಿದರು. ಒಂದು ಕಡೆಯಿಂದ ನೋಡಿದರೆ ನೀಲಿ, ಇನ್ನೊಂದು ಕಡೆಯಿಂದ ಮಾಸಲು ಹಳದಿ. ಅದು ಬೆಳಕಿಗೆ ದಾರಿಯನ್ನೂ ಕೊಡುತ್ತದೆ, ಹೀರಿಯೂ ಬಿಡುತ್ತದೆ. ಒಂದಿಷ್ಟು ಹರಳಿನ ಗುಣ, ಒಂದಿಷ್ಟು ನಮ್ಮ ಒದ್ದೆ ಮಣ್ಣಿನ ಗುಣ. ಅಂಥ ಹರಳುಗಳಲ್ಲಿ ಕೆಲವು ವಿಶೇಷ ದಿಕ್ಕುಗಳಿವೆ, ಅಲ್ಲಿ ಸೀಳಿದ ಎರಡು ಬೆಳಕುಗಳು ಬೇರೆಬೇರೆಯಾಗಿರದೆ ಒಂದೇ ಬಗೆಯವಾಗುತ್ತವೆ ಎಂಬುದನ್ನು ಅವರು ಬಿಡಿಸಿ ತೋರಿಸಿದರು. ಆ ಕೆಲಸದ ನಡುವೆಯೇ 1956ರಲ್ಲಿ ಕಂಡ ಇನ್ನೊಂದು ಸಂಗತಿ, ಮೂವತ್ತು ವರ್ಷಗಳ ಮೇಲೆ ಇಂಗ್ಲೆಂಡಿನ ಮೈಕೆಲ್ ಬೆರ್ರಿಯವರು ಎತ್ತಿ ಹೇಳಿದ ಮೇಲೆ, ಜಗತ್ತಿಗೆ ‘ಪಂಚರತ್ನಂ ಕಲೆ’ ಎಂದು ತಿಳಿಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅವರು 1961ರಿಂದ 1964ರವರೆಗೆ ಪಾಠ ಹೇಳಿದರು. ನಾನು ಮೈಸೂರಿನಲ್ಲಿ ಬಿ.ಎ. ಓದುವ ಹೊತ್ತಿಗೆ ಅವರು ಆಕ್ಸ್‌ಫರ್ಡಿಗೆ ಹೋಗಿಯಾಗಿತ್ತು. ಅಲ್ಲಿಯೇ 1969ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಅವರ ಹೆಸರನ್ನು ಬಲ್ಲವರು ಎಷ್ಟು ಜನರಿದ್ದಾರೋ!

ಬೆಳಕಿಗಿಂತ ಸಾವಿರಾರು ಪಟ್ಟು ಗಿಡ್ಡವಾದ ಕ್ಷ-ಕಿರಣಕ್ಕೆ ಹರಳಿನ ಸಾಲುಗಳ ಅಂತರವೇ, ಅಂದರೆ ಮಿಲಿಮೀಟರಿನ ಕೋಟಿಯ ಕೆಲವು ಪಾಲೇ, ಕಿಟಕಿಯ ಸರಳುಗಳಂತೆ. ಸಾಲುಗಳ ನಡುವೆ ಚದರಿ ಹೊರಬಂದ ಅಲೆಗಳು ಹಲಗೆಯ ಮೇಲೆ ಚುಕ್ಕೆಗಳ ರಂಗೋಲಿ ಬಿಡಿಸುತ್ತವೆ. ಆ ಚುಕ್ಕೆಗಳಿಂದ ಒಳಗಿನ ಸಾಲುಗಳನ್ನು ಲೆಕ್ಕ ಹಾಕಬಹುದು. 1912ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಲಾವೆಯವರ ಸೂಚನೆಯಂತೆ ಇದನ್ನು ಮೊದಲು ಮಾಡಿ ನೋಡಿದಾಗ ಬಳಸಿದ ಹರಳು ಮೈಲುತುತ್ತ. ನಮ್ಮ ಮೆಣಸಿನ ಬಳ್ಳಿಗೆ ಸೊರಗುರೋಗ ತಗಲದಂತೆ ಸುಣ್ಣದೊಡನೆ ಬೆರೆಸಿ ಮಳೆಗಾಲಕ್ಕೆ ಮುಂಚೆ ಸಿಂಪಡಿಸುವ, ಇಲ್ಲಿಯವರು ತುರಿಶು ಎನ್ನುವ, ಅದೇ ನೀಲಿ ಹರಳು. ಅಂಗಡಿಯಿಂದ ಕಿಲೊಗಟ್ಟಲೆ ಹೊತ್ತು ತಂದಿದ್ದೇನೆ. ಈಗ ಕೈಯಲ್ಲಿ ಹಿಡಿದಾಗ ನೆನಪಾಗುತ್ತದೆ. ಇದೇ ದಾರಿಯಲ್ಲಿ ಸಾಗಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಲಿಂಡ್ ಫ್ರಾಂಕ್ಲಿನ್ ಅವರ ಕೆಲಸದಲ್ಲಿ 1952ರಲ್ಲಿ ತೆಗೆದ ಕ್ಷ-ಕಿರಣದ ಚಿತ್ರ ಡಿಎನ್‌ಎ ನೂಲಿನ ಸುರುಳಿಯನ್ನು ತೋರಿಸಿತು. ಎರ್ಣಾಕುಲದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ರಾಮನ್ ಅವರ ಬಳಿ ಕಲಿತ ಜಿ. ಎನ್. ರಾಮಚಂದ್ರನ್, ಮದರಾಸಿನಲ್ಲಿ ಇದೇ ವಿದ್ಯೆಯಿಂದ ನಮ್ಮ ಚರ್ಮ, ಎಲುಬು, ಸ್ನಾಯುಬಂಧಗಳಲ್ಲಿರುವ ಕೊಲಾಜೆನ್ ಮೂರೆಳೆಯ ಹೊಸೆತವೆಂದು 1954ರಲ್ಲಿ ತೋರಿಸಿದರು. ಆ ಸುರುಳಿಯನ್ನು ಓದುವ ಜ್ಞಾನದ ಮೇಲೆ ಇಂಗ್ಲೆಂಡಿನಲ್ಲಿ ಅಲೆಕ್ ಜೆಫ್ರೀಸ್, ಹೈದರಾಬಾದಿನಲ್ಲಿ ಲಾಲ್‌ಜಿ ಸಿಂಗ್ ಅವರಂಥವರು ಗುರುತುಪರೀಕ್ಷೆಯನ್ನು ಕಟ್ಟಿದರು. ಅಣ್ಣನ ಬೆರಳಿನಿಂದ ತೆಗೆದ ಎರಡು ಹನಿ ರಕ್ತದಲ್ಲಿ ತಮ್ಮನ ಸುಳಿವನ್ನು ಹುಡುಕುವ ವಿದ್ಯೆ ಅದು.

ಗುರುತು ಸಿಗದ ದೇಹಗಳನ್ನೂ ದೇಹಭಾಗಗಳನ್ನೂ ಪುತ್ತುಮಲೆಯ ತೋಟದ ಜಾಗದಲ್ಲಿ ಎಲ್ಲ ಮತದವರ ಪ್ರಾರ್ಥನೆಯೊಡನೆ ಮಣ್ಣು ಮಾಡಿದ್ದರು. ಸಾಲುಸಾಲಾಗಿ ಕುಣಿಗಳು, ಒಂದೊಂದರ ತಲೆಯ ಬಳಿಯೂ ಹೆಸರಿನ ಬದಲು ಒಂದು ಅಂಕಿ. 2019ರಲ್ಲಿ ಅದೇ ಪುತ್ತುಮಲೆಯ ಮೇಲೆ ಗುಡ್ಡ ಬಿದ್ದಿತ್ತೆಂಬುದನ್ನು ಹೊರಗಿನವರು ಮರೆತಿರಬಹುದು, ಇಲ್ಲಿಯವರು ಮರೆತಿಲ್ಲ.

ಫಲಿತಾಂಶ ಬಂದಾಗ ನನ್ನ ವಿದ್ಯಾರ್ಥಿ ಊರಿಗೆ ಹೋಗಿಯಾಗಿತ್ತು. ಕಾಗದ ಮಲಯಾಳದಲ್ಲಿತ್ತು, ಫೋನಿನಲ್ಲಿ ಓದಿ ಹೇಳಿದೆ. ಅಂಕಿಯನ್ನು ಎರಡು ಸಲ ಹೇಳಿಸಿಕೊಂಡ. ಮತ್ತೆ ಬಂದದ್ದು ಅದರ ಮುಂದಿನ ವಾರ, ತಾಯಿಯನ್ನು ಕರೆದುಕೊಂಡು. ಆ ಮುದುಕಿ ದಾರಿಯುದ್ದಕ್ಕೂ ಏನೂ ಮಾತನಾಡಲಿಲ್ಲ. ಕುಣಿಯ ಮುಂದೆ ಕೂತು, ಗುಂಡ್ಲುಪೇಟೆಯ ಮನೆಯಂಗಳದಿಂದ ಸೆರಗಿನಲ್ಲಿ ಕಟ್ಟಿ ತಂದಿದ್ದ ಒಣ ಮಣ್ಣನ್ನು ಬಿಚ್ಚಿ ಮೇಲೆ ಹರಡಿದರು. ಅವನು ಚೀಲದಿಂದ ಒಂದು ಚಿಕ್ಕ ಕುಂಚವನ್ನೂ ಕಪ್ಪು ಬಣ್ಣದ ಡಬ್ಬಿಯನ್ನೂ ತೆಗೆದು ನನ್ನ ಕೈಗೆ ಕೊಟ್ಟ. ‘ಅಂಕಿ ಕೆಳಗೆ ಕನ್ನಡದಾಗೆ ಬರ್‍ದುಬುಡಿ ಮೇಷ್ಟ್ರೇ, ನಿಮ್ ಬೋರ್ಡಿನ ಅಕ್ಷರದಾಗೆ’ ಎಂದ. ಕಲ್ಲು ತೀರ ಚಿಕ್ಕದು, ಹೆಸರಿನಲ್ಲಿ ಎರಡು ಒತ್ತಕ್ಷರ. ನನಗೆ ಬೆನ್ನು ಬಗ್ಗದು. ಅವನು ತನ್ನ ಮೇಲಂಗಿಯನ್ನು ಮಡಿಸಿ ಹಾಸಿದ, ಅದರ ಮೇಲೆ ಮೊಣಕಾಲೂರಿ ಬರೆದೆ. ಮಳೆಗೆ ಅಳಿಸದ ಬಣ್ಣ ತಾನೇ ಎಂದು ಕೇಳಿದೆ. ಅಂಗಡಿಯಲ್ಲಿ ಎರಡೆರಡು ಸಲ ಕೇಳಿಯೇ ತಂದದ್ದು ಎಂದ.